ಕಾರ್ ಸ್ಪೀಡ್ ಹೋದ್ರೆ ಒಳಗೆ ಗಾಳಿ ಶಬ್ದ ಬರತ್ತೆ, ಎಲ್ಲಿಂದ ಅಂತ ಹೇಗೆ ಕಂಡುಹಿಡಿಯೋದು?

ಮೊದ್ಲು ಅದು ಗಾಳಿದೋ ಟೈರ್‌ದೋ ನೋಡಿ. ರೋಡ್ ಬದಲಾದಾಗ ಶಬ್ದನೂ ಬದಲಾದ್ರೆ ಟೈರ್, ಎದುರು ಗಾಳಿ ಅಥವಾ ಸೈಡ್ ಗಾಳಿ ಇದ್ದಾಗ ಜಾಸ್ತಿ ಆದ್ರೆ ಗಾಳಿನೇ. ಸುಯ್ಯ್ ಅಂತ ಸಣ್ಣ ಸೀಟಿ ಥರ ಬಂದ್ರೆ ಸಾಮಾನ್ಯವಾಗಿ ಎಲ್ಲೋ ಚಿಕ್ಕ ಸಂದು ಇದೆ ಅಂತ.

ಹುಡುಕೋಕೆ ಮಾಸ್ಕಿಂಗ್ ಟೇಪ್‌ಗಿಂತ ಒಳ್ಳೆ ಸಾಧನ ಇಲ್ಲ ನನ್ ಪ್ರಕಾರ. ಡೋರ್ ಸಂದು, ಸೈಡ್ ಮಿರರ್ ಬುಡ, ಮುಂದಿನ ಗ್ಲಾಸ್ ಅಂಚು ಎಲ್ಲಾ ಕಡೆ ಟೇಪ್ ಹಚ್ಚಿ ಓಡಿಸಿ, ಶಬ್ದ ನಿಂತ್ರೆ ಒಂದೊಂದೇ ಕಡೆ ಕಿತ್ತು ಅದೇ ರೋಡಲ್ಲಿ ಅದೇ ಸ್ಪೀಡಲ್ಲಿ ಮತ್ತೆ ಓಡಿಸಿ, ಯಾವ ಟೇಪ್ ತೆಗೆದಾಗ ಶಬ್ದ ವಾಪಸ್ ಬರತ್ತೋ ಅಲ್ಲೇ ಕಳ್ಳ ಇರೋದು (ಡ್ರೈವರ್ ಬೇರೆಯವರಿರಲಿ, ನೀವು ಕಿವಿ ಕೊಟ್ಟು ಕೂತ್ಕೊಳಿ). ರೂಫ್ ರ‍್ಯಾಕ್, ಡೋರ್ ವೈಸರ್ (ಕಿಟಕಿ ಮೇಲಂಚಿಗೆ ಹಾಕೋ ಪ್ಲಾಸ್ಟಿಕ್ ಪಟ್ಟಿ) ಇದ್ರೆ ಮಾತ್ರ ಟೇಪಿಗಿಂತ ಮುಂಚೆ ಅದನ್ನ ಬಿಚ್ಚಿಟ್ಟು ನೋಡಿ, ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯತ್ತೆ.

ಡೋರ್ ಅಂತ ಗೊತ್ತಾದ್ರೆ ಒಂದು ಪೇಪರ್ ಸಿಕ್ಕಿಸಿ ಡೋರ್ ಹಾಕಿ ಎಳೀರಿ. ಬಿಗಿ ಇಲ್ದೆ ಸಲೀಸಾಗಿ ಬಂದ್ರೆ ಆ ಜಾಗದಲ್ಲಿ ರಬ್ಬರ್ ಒತ್ತುತಾ ಇಲ್ಲ. ಕೊಳೆ ಇದ್ರೆ ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿ, ಹರಿದಿದ್ರೆ ಆ ರಬ್ಬರ್ ಬೀಡಿಂಗೇ ಬದಲಾಯಿಸಿ. ರಬ್ಬರ್ ಚೆನ್ನಾಗಿದ್ದೂ ಲೂಸ್ ಅನ್ಸಿದ್ರೆ ಪಿಲ್ಲರ್ (ಡೋರ್ ಪಕ್ಕದ ಬಾಡಿ ಕಂಬ) ಮೇಲಿರೋ ಸ್ಟ್ರೈಕರ್‌ನ, ಅಂದ್ರೆ ಡೋರ್ ಲಾಕ್ ಸಿಕ್ಕಿಕೊಳ್ಳೋ ಕೊಂಡಿನ, ಒಂಚೂರು ಒಳಗೆ ಸರಿಸ್ಬೇಕು, ಮುಂಚೆ ಪೆನ್ಸಿಲಲ್ಲಿ ಗುರುತು ಹಾಕ್ಕೊಳಿ ಇಲ್ಲಾಂದ್ರೆ ಡೋರೇ ಸರಿಯಾಗಿ ಕೂರಲ್ಲ. ಮುಂದಿನ ಗ್ಲಾಸಿನ ಅಂಟು ಬಿಟ್ಟಿದ್ರೆ ಅದು ಮನೇಲಿ ಮಾಡೋ ಕೆಲಸ ಅಲ್ಲ, ಗ್ಲಾಸ್ ಹಾಕೋರ ಹತ್ರನೇ ಹೋಗಿ.