ಮುಚ್ಚಳ ಭದ್ರವಾಗಿದ್ದರೂ ಹುಳು ಬಂದದ್ದೆಲ್ಲಿಂದ?

ಪತ್ರ: ತಿಂಗಳ ದಿನಸಿಯನ್ನೆಲ್ಲ ಗಾಳಿಯಾಡದ ಹೊಸ ಡಬ್ಬಗಳಲ್ಲಿ ತುಂಬಿಸಿಟ್ಟಿದ್ದೆ. ಆದರೂ ಮಳೆಗಾಲದ ಆಟಿ ತಿಂಗಳು ಮುಗಿಯುವಷ್ಟರಲ್ಲಿ ರವೆ ಬಲೆ ಕಟ್ಟಿತು, ಹೆಸರುಕಾಳಿಗೆ ತೂತು ಬಿತ್ತು, ಫ್ರಿಜ್‌ನಲ್ಲಿಟ್ಟ ಕೊತ್ತಂಬರಿ ಸೊಪ್ಪು ಕೊಳೆಯಿತು. ಇನ್ನು ಎಲ್ಲವನ್ನೂ ಫ್ರಿಜ್‌ನಲ್ಲೇ ಇಡಬೇಕೆ? ಅಕ್ಕಿಗೆ ಗುಳಿಗೆ ಹಾಕಿಡಿ ಎಂದು ಒಬ್ಬರು ಹೇಳುತ್ತಾರೆ, ಹಾಕಬಹುದೆ?
– ಉಡುಪಿ ಜಿಲ್ಲೆಯ ಓದುಗರೊಬ್ಬರು

ಸಂಪಾದಕರ ಉತ್ತರ: ನಿಮ್ಮ ಡಬ್ಬಗಳ ತಪ್ಪೇನೂ ಇಲ್ಲ. ಭದ್ರವಾದ ಮುಚ್ಚಳವು ಹೊರಗಿನ ಹುಳುವನ್ನು ತಡೆಯುತ್ತದೆಯೇ ಹೊರತು, ದಿನಸಿಯ ಜೊತೆಗೇ ಮನೆಗೆ ಬಂದ ಮೊಟ್ಟೆಯನ್ನೂ ತೇವವನ್ನೂ ಏನೂ ಮಾಡಲಾರದು. ಕಾಳಿನ ಹುಳು ಹೊಲದಲ್ಲಿ ಕಾಯಿ ಬಲಿಯುವಾಗಲೇ ಮೊಟ್ಟೆ ಇಡುವುದುಂಟು. ಹೆಸರು, ಅಲಸಂದೆ, ಕಡಲೆಗಳ ಸಿಪ್ಪೆಯ ಮೇಲೆ ಬಿಳಿ ಚುಕ್ಕೆಗಳಂತೆ ಅಂಟಿಕೊಂಡಿರುವುದು ಆ ಮೊಟ್ಟೆಗಳೇ. ಮರಿ ಕಾಳಿನೊಳಗೆ ಕೊರೆದುಕೊಂಡು ಹೋಗಿ, ಅಲ್ಲೇ ತಿಂದು ಬೆಳೆದು, ರೆಕ್ಕೆ ಬಂದ ಮೇಲೆ ಹೊರಬೀಳುವಾಗ ಮಾಡುವ ದುಂಡನೆಯ ತೂತನ್ನೇ ನೀವು ಕಂಡಿರುವುದು. ಬೆಚ್ಚನೆಯ ಹವೆಯಲ್ಲಿ ಇದಕ್ಕೆಲ್ಲ ಒಂದು ತಿಂಗಳು ಸಾಕು. ಆದ್ದರಿಂದ ತುಂಬಿಸುವುದಕ್ಕೆ ಮೊದಲು ಮಾಡುವ ಕೆಲಸವೇ ಮುಖ್ಯ, ಮುಚ್ಚಳ ಆಮೇಲಿನದು.

ಬಯಲುಸೀಮೆಯವರಾದರೆ ಎರಡು ದಿನ ಬಿಸಿಲಿಗೆ ಹಾಕಿ ಎಂದು ಹೇಳಿ ಮುಗಿಸಬಹುದಿತ್ತು. ಕರಾವಳಿಯ ಮಳೆಗಾಲದಲ್ಲಿ ಆ ಮಾತು ನಡೆಯದು. ನಿಮ್ಮ ಕಡೆಯ ಹಿರಿಯರು ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ ಅಟ್ಟದಲ್ಲಿಡುತ್ತಿದ್ದರು; ಕೆಳಗೆ ಉರಿಯುವ ಒಲೆಯ ಬಿಸಿಯೂ ಹೊಗೆಯೂ ಅಟ್ಟವನ್ನು ಒಣಗಿಸಿ, ಹುಳುವನ್ನು ದೂರವಿಡುತ್ತಿದ್ದವು. ಗ್ಯಾಸ್ ಒಲೆಯ ಅಡುಗೆಮನೆಯಲ್ಲಿ ಆ ಸೌಕರ್ಯವಿಲ್ಲ, ಬದಲಿಗೆ ಕುಕ್ಕರಿನ ಹಬೆಯಿದೆ. ಹೀಗಾಗಿ ರವೆಯನ್ನು ತಂದ ದಿನವೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆಯೇ ಡಬ್ಬಕ್ಕೆ ಹಾಕಿರಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರು ಕಟ್ಟಿ, ಹುರಿದದ್ದೂ ವ್ಯರ್ಥವಾಗುತ್ತದೆ. ಕಾಳುಗಳನ್ನು ಭದ್ರವಾದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರ್‌ನಲ್ಲಿ ಒಂದು ವಾರ ಇಟ್ಟರೆ ಮೊಟ್ಟೆಯೂ ಮರಿಯೂ ಸಾಯುತ್ತವೆ. ಹೊರಗೆ ತೆಗೆದ ಚೀಲವನ್ನು ಅದರ ತಣುಪು ಪೂರ್ತಿ ಬಿಡುವವರೆಗೂ ಬಿಚ್ಚಬಾರದು. ಬಿಚ್ಚಿದರೆ ಹವೆಯ ತೇವವೆಲ್ಲ ಕಾಳಿನ ಮೇಲೆ ನೀರಾಗಿ ಕೂರುತ್ತದೆ. ಕಾಳಿಗೆ ತೆಳ್ಳಗೆ ಹರಳೆಣ್ಣೆ ಸವರುವ ಹಳೆಯ ಕ್ರಮವೂ ಒಳ್ಳೆಯದೇ. ಬೇವಿನ ಸೊಪ್ಪಿನ ಮೇಲೆ ಮಾತ್ರ ಅತಿಯಾದ ಭರವಸೆ ಬೇಡ: ಅದು ಹೊರಗಿನ ಹುಳುವಿಗೆ ಬೇಸರ ತರಿಸೀತು, ಕಾಳಿನೊಳಗಿರುವುದನ್ನು ಕೊಲ್ಲದು, ಹಸಿಯಾಗಿ ಹಾಕಿದರಂತೂ ತೇವವನ್ನೇ ಸೇರಿಸುತ್ತದೆ.

ಎಲ್ಲವನ್ನೂ ಫ್ರಿಜ್‌ಗೆ ತುಂಬಬೇಕಾಗಿಲ್ಲ. ಎಣ್ಣೆಯ ಅಂಶವಿರುವ ಶೇಂಗಾ, ಕೊಬ್ಬರಿ, ರಾಗಿ ಹಿಟ್ಟು, ಗೋಧಿ ಹಿಟ್ಟುಗಳಿಗೆ ತಂಪು ಹಿತ, ಏಕೆಂದರೆ ಅವು ಹುಳುವಿಗಿಂತ ಮೊದಲು ಕಮಟು ಹಿಡಿದು ಕೆಡುತ್ತವೆ. ಇಡೀ ರಾಗಿ ವರ್ಷಗಟ್ಟಲೆ ಉಳಿದರೂ ಅದರ ಹಿಟ್ಟು ಉಳಿಯದಿರುವುದು ಇದೇ ಕಾರಣಕ್ಕೆ. ಬೇಕಾದಷ್ಟನ್ನೇ ಬೀಸಿಸಿಕೊಳ್ಳುವುದು ಮೇಲು. ಮೆಣಸಿನ ಬಣ್ಣವನ್ನು ಬೆಳಕು, ಗಾಳಿ, ಬಿಸಿಗಳು ಕಸಿದುಕೊಳ್ಳುತ್ತವೆ. ಬ್ಯಾಡಗಿಯ ವ್ಯಾಪಾರಿಗಳು ಮೆಣಸಿನಕಾಯಿಯನ್ನು ಶೀತಲಗೃಹದಲ್ಲಿಡುವುದು ಇದನ್ನು ಬಲ್ಲದ್ದರಿಂದಲೇ. ನೀವು ಖಾರದ ಪುಡಿಯನ್ನು ಒಲೆಯ ಪಕ್ಕದಲ್ಲಿಡದೆ, ಕುದಿಯುವ ಪಾತ್ರೆಯ ಮೇಲೆ ಡಬ್ಬವನ್ನು ಬಗ್ಗಿಸದೆ ಒಣ ಚಮಚದಲ್ಲಿ ತೆಗೆದುಕೊಂಡರೆ ಅರ್ಧ ಕೆಲಸ ಮುಗಿಯಿತು. ಆಲೂಗಡ್ಡೆ ಫ್ರಿಜ್‌ನಲ್ಲಿ ಸಿಹಿಯಾಗುತ್ತದೆ, ಕರಿದರೆ ಬೇಗ ಕಪ್ಪಾಗುತ್ತದೆ. ಅದನ್ನೂ ಈರುಳ್ಳಿಯನ್ನೂ ಬೇರೆಬೇರೆ ಬುಟ್ಟಿಗಳಲ್ಲಿ, ಗಾಳಿಯಾಡುವ ಕತ್ತಲ ಮೂಲೆಯಲ್ಲಿಡಿ. ಒಡೆದ ತೆಂಗಿನಕಾಯಿಯಲ್ಲಿ ಕಣ್ಣಿರುವ ಹೋಳು ಮೊದಲು ಕೆಡುವುದರಿಂದ ಅದನ್ನೇ ಮೊದಲು ತುರಿಯಿರಿ.

ಕೊತ್ತಂಬರಿ ಸೊಪ್ಪು ಕೊಳೆತದ್ದು ಬಹುಶಃ ತೊಳೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟದ್ದರಿಂದ. ಅದನ್ನು ತೊಳೆಯದೆ, ಬೇರು ಕತ್ತರಿಸಿ, ಹಳದಿ ಎಲೆಗಳನ್ನು ಆರಿಸಿ ತೆಗೆದು, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬದಲ್ಲಿಡಿ. ಬಟ್ಟೆ ಒದ್ದೆಯಾದರೆ ಬದಲಾಯಿಸಿ. ಮುದ್ರಿತ ಕಾಗದದಲ್ಲಿ, ನಮ್ಮ ಪತ್ರಿಕೆಯ ಹಾಳೆಯೂ ಸೇರಿದಂತೆ, ಸುತ್ತಬೇಡಿ. ಶಾಯಿ ಆಹಾರಕ್ಕೆ ಸೇರುವಂಥದ್ದಲ್ಲ.

ಗುಳಿಗೆಯ ವಿಷಯದಲ್ಲಿ ನಮ್ಮ ಉತ್ತರ ಖಂಡಿತವಾಗಿ ಬೇಡ ಎಂಬುದೇ. ಗೋದಾಮುಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಹವೆಯ ತೇವ ತಗುಲಿದೊಡನೆ ಫಾಸ್ಫೀನ್ ಎಂಬ ಮಾರಕ ಅನಿಲವನ್ನು ಬಿಡುತ್ತದೆ, ಮನುಷ್ಯರು ಮಲಗುವ ಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಬೋರಿಕ್ ಪುಡಿಯನ್ನು ಅಕ್ಕಿಗೆ ಬೆರೆಸುವ ರೂಢಿಯನ್ನೂ ಬಿಡಬೇಕು. ಬೂಸ್ಟು ಹಿಡಿದ ಶೇಂಗಾ ಮನೆಯಲ್ಲಿದ್ದರೆ ಅದನ್ನು ಹುರಿದು ಬಳಸುವ ಯೋಚನೆಯೂ ಬೇಡ, ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ಎಂಬ ವಿಷ ಅಡುಗೆಯ ಬಿಸಿಗೆ ಪೂರ್ತಿ ನಾಶವಾಗುವುದಿಲ್ಲ. ಬಲೆ ಕಟ್ಟಿದ ರವೆಯನ್ನು ಜರಡಿ ಹಿಡಿಯದೆ ಎಸೆದು, ಡಬ್ಬದ ಅಂಚಿನ ಸಂದುಗಳನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಚೆನ್ನಾಗಿ ಒಣಗಿದ ಮೇಲಷ್ಟೇ ಹೊಸದನ್ನು ತುಂಬಿಸಿರಿ.