ಜ್ವರ, ನೋಯುವ ಕೆಂಪು ಗಂಟು: ಆಂಟಿಬಯಾಟಿಕ್ ಬದಲಿಸಬೇಕೋ, ನಾಟಿ ಔಷಧಿಗೆ ಹೋಗಬೇಕೋ?

ಎರಡೂ ಬೇಡ. ನಿಮ್ಮ ಅತ್ತೆಯ ಕುತ್ತಿಗೆ, ಕೈ ಮೇಲೆ ಗಂಟೆದ್ದಿವೆ, ಆಂಟಿಬಯಾಟಿಕ್‌ಗೆ ಜ್ವರ ಬಗ್ಗುತ್ತಿಲ್ಲ ಅಂತ ಬರೆದಿದ್ದೀರಿ. 'ಮೊದಲಿಂದ ರಕ್ತ ಕಡಿಮೆ' ಅಂತ ಕೊನೆಗೆ ಸುಮ್ನೆ ಸೇರಿಸಿದ್ದೀರಲ್ಲ, ಮುಖ್ಯ ವಿಷಯ ಅದೇ.

ನಮ್ಮ ಅಪ್ಪಯ್ಯನಿಗೂ ಹೀಗೇ ಜ್ವರ ಬಂದು ಗಂಟೆದ್ದಿತ್ತು. ಅದು ಸೋಂಕಲ್ಲ, ಸ್ವೀಟ್ ಸಿಂಡ್ರೋಮ್ ಎಂಬ ಕಾಯಿಲೆ ಅಂತ ಕೊನೆಗೆ ಗೊತ್ತಾಯಿತು. ನಾವು ತೀರ್ಥಹಳ್ಳಿ ಕಡೆಯವರು. ಬೇಸಿಗೆಯಲ್ಲಿ ಜ್ವರ ಬಂದರೆ ಇಲ್ಲಿ ಮೊದಲ ಭಯ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯದ್ದು. ಅಪ್ಪಯ್ಯನಿಗೆ ಆ ಟೆಸ್ಟ್ ನೆಗೆಟಿವ್ ಬಂತು. ತೋಟದಲ್ಲಿ ಉಣುಗು ಕಚ್ಚಿ ಕೀವಾಗಿದೆ ಅಂದುಕೊಂಡೆವು. ಕೀವೇ ಇರಲಿಲ್ಲ. ನೋಡಲು ನೀರು ತುಂಬಿದ ಗುಳ್ಳೆ, ಮುಟ್ಟಿದರೆ ಗಟ್ಟಿ. ಡ್ರಿಪ್ಪಿನ ಸೂಜಿ ಚುಚ್ಚಿದಲ್ಲೂ ಒಂದು ಎದ್ದಿತು.

ಚರ್ಮದ ಡಾಕ್ಟರು 'ಬೇರೆ ಏನಾದ್ರೂ ತೊಂದರೆ ಇದೆಯಾ' ಅಂತ ಕೇಳಿದ್ದರು. ಇಲ್ಲ ಅಂದೆ. ತೊಂದರೆ ಅಂದರೆ ಬಿಪಿ, ಶುಗರ್ ಅಷ್ಟೇ ಅಂತ ನನ್ನ ಲೆಕ್ಕ. ಬೀರುವಿನಲ್ಲಿ ಹಳೇ ಬ್ಲಡ್ ರಿಪೋರ್ಟ್ ಇತ್ತು. ಹಿಮೋಗ್ಲೋಬಿನ್ ಕಡಿಮೆ, ಪ್ಲೇಟ್‌ಲೆಟ್ ಕಡಿಮೆ, ಕೆಂಪು ಕಣಗಳ ಗಾತ್ರ ಜಾಸ್ತಿ. ವಯಸ್ಸಾಯ್ತಲ್ಲ ಅಂತ ಕಬ್ಬಿಣದ ಮಾತ್ರೆ ನುಂಗಿಸಿ ಮರೆತಿದ್ದೆವು. ಚರ್ಮ ನೋಡುವವರಿಗೆ ರಕ್ತದ ರಿಪೋರ್ಟ್ ಯಾಕೆ ಅನ್ನಿಸಿತ್ತು. ಆ ಒಂದು 'ಇಲ್ಲ'ದಿಂದ ವಾರಗಟ್ಟಲೆ ಬೇಡದ ಆಂಟಿಬಯಾಟಿಕ್ ಹೋಯಿತು. ಅಪ್ಪಯ್ಯ ಊಟ ಬಿಟ್ಟು ಸೊರಗಿದರು.

ಕೊನೆಗೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋದೆವು. ಬಯಾಪ್ಸಿ, ಅಂದರೆ ಚರ್ಮದ ಚೂರು ತೆಗೆದು ನೋಡುವ ಟೆಸ್ಟ್ ಮಾಡಿದಾಗ ಚರ್ಮದ ತುಂಬ ನ್ಯೂಟ್ರೋಫಿಲ್, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳು. ರೋಗಾಣು ಬೆಳೆಸಿ ನೋಡುವ ಕಲ್ಚರ್ ಟೆಸ್ಟಿನಲ್ಲಿ ಒಂದು ರೋಗಾಣುವೂ ಬೆಳೆಯಲಿಲ್ಲ. ಸ್ವೀಟ್ ಸಿಂಡ್ರೋಮ್ ಅಂದರು. 1964ರಲ್ಲಿ ರಾಬರ್ಟ್ ಸ್ವೀಟ್ ಎಂಬ ಇಂಗ್ಲೆಂಡಿನ ಡಾಕ್ಟರು ವಿವರಿಸಿದ ಕಾಯಿಲೆ. ಗಂಟಲು, ಹೊಟ್ಟೆಯ ಸೋಂಕಿನ ಬೆನ್ನಿಗೂ ಬರುತ್ತದೆ, ಕೆಲವು ಔಷಧಿಯಿಂದಲೂ ಬರುತ್ತದೆ. ಸುಮಾರು 5ರಲ್ಲಿ ಒಬ್ಬರಿಗೆ ಕ್ಯಾನ್ಸರ್ ಜೊತೆಗಿರುತ್ತದೆ, ಹೆಚ್ಚಾಗಿ ರಕ್ತದ್ದು. ಸ್ಟಿರಾಯ್ಡ್ ಶುರು ಮಾಡಿದ ಮೇಲೆ ಜ್ವರ ಬೇಗ ಬಿಟ್ಟಿತು. ಆದರೆ ಮೂಳೆ ಮಜ್ಜೆಯ ಟೆಸ್ಟಿನಲ್ಲಿ ಎಂಡಿಎಸ್ ಸಿಕ್ಕಿತು. ಮಜ್ಜೆಯಲ್ಲಿ ರಕ್ತಕಣ ಸರಿಯಾಗಿ ತಯಾರಾಗದ ಕಾಯಿಲೆ ಅದು. ಅದರ ಚಿಕಿತ್ಸೆ ಇನ್ನೂ ನಡೀತಿದೆ.

ಹಾಗಂತ ಮೆಡಿಕಲ್ ಶಾಪಿನಿಂದ ಸ್ಟಿರಾಯ್ಡ್ ತಂದು ಕೊಡಬೇಡಿ. ರಕ್ತದ ಕಾಯಿಲೆ ಇದ್ದವರಿಗೆ ನಿಜವಾದ ಸೋಂಕೂ ಸುಲಭವಾಗಿ ಹತ್ತುತ್ತದೆ. ಆಗ ಸ್ಟಿರಾಯ್ಡ್ ಕೊಟ್ಟರೆ ಜೀವಕ್ಕೇ ಕುತ್ತು. ಡಾಕ್ಟರು ಆಂಟಿಬಯಾಟಿಕ್ ನಿಲ್ಲಿಸಿ ಅನ್ನುವ ತನಕ ನೀವಾಗಿ ನಿಲ್ಲಿಸಲೂ ಬೇಡಿ. ಗಂಟು ಕೊಯ್ದು ಸೊಪ್ಪು ಕಟ್ಟುವವರ ಹತ್ತಿರವಂತೂ ಹೋಗಲೇಬೇಡಿ, ಗಾಯ ಮಾಡಿದಲ್ಲೇ ಇದು ಜಾಸ್ತಿಯಾಗಬಹುದು. ನಾಳೆಯೇ ರಕ್ತಕಣ ಎಣಿಸುವ ಸಿಬಿಸಿ ಟೆಸ್ಟ್ ಮಾಡಿಸಿ, ಬಯಾಪ್ಸಿ ಬೇಕಾ ಅಂತ ಬಾಯಿಬಿಟ್ಟು ಕೇಳಿ. ಅತ್ತೆ ಹೆದರಿದರೆ ಹೇಳಿ: ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕಾಳಿನಷ್ಟು ಚರ್ಮ ತೆಗೀತಾರೆ, ಅವತ್ತೇ ಮನೆಗೆ ಬರಬಹುದು.