ಹುಲ್ಲಿನ ಮರೆಯ ಮನೆ, ಡ್ರಾಯರಿನೊಳಗಿನ ನೋಟಿಸು

ಓದುಗರೊಬ್ಬರ ಪತ್ರ: 'ಇಂಗ್ಲೆಂಡಿನಲ್ಲಿ ಅನುಮತಿಯಿಲ್ಲದೆ ಕಟ್ಟಿ ಹತ್ತು ವರ್ಷ ತಳ್ಳಿದರೆ ಯಾರೂ ಮುಟ್ಟುವಂತಿಲ್ಲವಂತೆ. ಇದು ಕಳ್ಳರಿಗೆ ಮಣೆ ಹಾಕಿದಂತಲ್ಲವೇ? ಅಧಿಕಾರಿಗಳು ತಡಮಾಡಿದರೆಂದು ಅಕ್ರಮ ಕಟ್ಟಡ ಸಕ್ರಮವಾಗದು ಎಂದು ನಮ್ಮ ಸುಪ್ರೀಂ ಕೋರ್ಟೇ ಹೇಳಿದೆ. ನಿಯಮದಂತೆ ಸುತ್ತ ಸೆಟ್‌ಬ್ಯಾಕ್ ಜಾಗ ಬಿಟ್ಟು ಮನೆ ಕಟ್ಟಿದ ನಾವು ಮೂರ್ಖರೇ?'

ಸಂಪಾದಕರ ಉತ್ತರ:

ಖಂಡಿತ ಅಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ 2024ರ ಡಿಸೆಂಬರಿನ ಆ ತೀರ್ಪನ್ನು ನೀವು ಅರ್ಧಕ್ಕೇ ಮಡಚಿಟ್ಟಿದ್ದೀರಿ. ತಪ್ಪೆಸಗಿದ ಅಧಿಕಾರಿಗಳ ಮೇಲೂ ಕ್ರಮ ಆಗಬೇಕೆಂದು ಅದರಲ್ಲಿದೆ. ನನಗೆ ರುಚಿಸಿದ್ದು ಆ ಭಾಗ.

ಇಂಗ್ಲೆಂಡಿನಲ್ಲಿ ಅಧಿಕಾರಿಗಳು ಕ್ರಮ ಕೈಗೊಳ್ಳಲು ಮೊದಲು ಅನುಮತಿಯಿಲ್ಲದ ಕಟ್ಟಡಕ್ಕೆ 4 ವರ್ಷ, ಕಟ್ಟಡ ಅಥವಾ ಜಾಗದ ಬಹುತೇಕ ಬಳಕೆ ಬದಲಾವಣೆಗೆ 10 ವರ್ಷ ಗಡುವು ಎಂದಿತ್ತು. 2024ರ ಏಪ್ರಿಲ್ 25ರಿಂದ ಎರಡಕ್ಕೂ 10. ಪಾರಂಪರಿಕ ಕಟ್ಟಡಗಳನ್ನು ಕೆಡಿಸಿದವರಿಗೆ ಈ ರಿಯಾಯಿತಿ ಇಲ್ಲ. ಕಣ್ಣಿಗೆ ಮಣ್ಣೆರಚಿದವರಿಗೂ ಇಲ್ಲ. ಸರ್ರೆ ಪ್ರಾಂತ್ಯದ ರೈತನೊಬ್ಬ ಕೋಟೆಯಂಥ ಮನೆ ಕಟ್ಟಿ, ಸುತ್ತ ಒಣಹುಲ್ಲಿನ ಪಿಂಡಿ ಒಟ್ಟಿ, ನಾಲ್ಕು ವರ್ಷ ಅದರೊಳಗೇ ಸಂಸಾರ ಮಾಡಿದ. 2006ರಲ್ಲಿ ಹುಲ್ಲು ಸರಿಸಿ, ಇನ್ನು ಯಾರ ಹಂಗೂ ಇಲ್ಲವೆಂದು ನಿಂತ. ಹುಲ್ಲು ತೆಗೆದದ್ದೂ ಕಟ್ಟುವ ಕೆಲಸದ್ದೇ ಭಾಗ, ಆದ್ದರಿಂದ ಅವಧಿ ಮುಗಿದಿಲ್ಲ ಎಂದಾಯಿತು! 2016ರಲ್ಲಿ ಮನೆ ಉರುಳಿತು. ಹುಲ್ಲಿನ ಕೊಟ್ಟಿಗೆಗೆಂದು ಅನುಮತಿ ಪಡೆದು ಒಳಗೆ ಮನೆ ಮಾಡಿಕೊಂಡಿದ್ದ ಇನ್ನೊಬ್ಬರಿಗೆ, ತನ್ನ ಮೋಸದಿಂದ ತಾನೇ ಲಾಭ ಪಡೆಯುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 2011ರಲ್ಲಿ ಹೇಳಿತು. ಈಗ ಹೇಳಿ, ಮಣೆ ಎಲ್ಲಿ ಹಾಕಿದ್ದಾರೆ?

ಹತ್ತು ವರ್ಷ ಬೀದಿಗೆ ಮುಖಮಾಡಿ ನಿಂತ ಕಟ್ಟಡ ಕಾಣದಿದ್ದರೆ ಕುರುಡು ಯಾರದು? ಅಷ್ಟರಲ್ಲಿ ಮನೆ ಕೈಬದಲಾಗಿರುತ್ತದೆ, ಸಾಕ್ಷಿ ಹೇಳಬೇಕಾದವರು ತೀರಿಕೊಂಡಿರುತ್ತಾರೆ, ಕಟ್ಟಿದವನು ಮಾರಿ ದುಡ್ಡೆಣಿಸಿಕೊಂಡು ಹೋಗಿರುತ್ತಾನೆ. ಜೆಸಿಬಿ ಬರುವುದು ಸಾಲ ಮಾಡಿ ಕೊಂಡವನ ಬಾಗಿಲಿಗೆ.

ಕಾಲಮಿತಿ ಇಲ್ಲದ ಅಧಿಕಾರ ಎಂದರೆ ಕಂತು ಮುಗಿಯದ ಚೀಟಿ. ನನಗೆ ಪರಿಚಯದ ಒಂದು ಮನೆಗೆ ಹದಿನೇಳು ವರ್ಷದಲ್ಲಿ ಮೂರು ನೋಟಿಸು ಬಂದವು. ಮೂರೂ ಹೊಸ ಅಧಿಕಾರಿ ಬಂದ ತಿಂಗಳಲ್ಲೇ. ಮನೆಯವರು 'ಮಾತಾಡಿ' ಬಂದ ಮೇಲೆ ನೋಟಿಸು ಡ್ರಾಯರು ಸೇರುತ್ತಿತ್ತು. ಕೆಡವುವುದು ಯಾರಿಗೂ ಬೇಕಿರಲಿಲ್ಲ. ಹೆದರಿಕೆ ಉಳಿಯಬೇಕಿತ್ತು, ಅಷ್ಟೆ. ಇಂಥ ಡ್ರಾಯರಿಗೆ ಬೀಗ ಹಾಕುವುದು ಕ್ಯಾಲೆಂಡರು ಮಾತ್ರ.

ಅಕ್ರಮ ಕಟ್ಟಡವನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ನಮ್ಮದೇ ಕರ್ನಾಟಕದ ಅಕ್ರಮ-ಸಕ್ರಮ ಯೋಜನೆಯನ್ನು ನೋಡಿ. ಕಾಯ್ದೆಗೆ ತಿದ್ದುಪಡಿಯಾದದ್ದು 2007ರಲ್ಲಿ, ನಿಯಮ ಬಂದದ್ದು 2014ರಲ್ಲಿ. 2013ರ ಅಕ್ಟೋಬರ್ 19ಕ್ಕೆ ಮುಂಚಿನ ಉಲ್ಲಂಘನೆ ವಾಸದ ಮನೆಗೆ ಶೇ. 50, ಉಳಿದವಕ್ಕೆ ಶೇ. 25ರವರೆಗೆ ಇದ್ದರೆ ದಂಡ ಕಟ್ಟಿ ಪಾರಾಗಬಹುದಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ನಿಮ್ಮ ಸಿಟ್ಟಿಗೆ ಇದು ತಕ್ಕ ಜಾಗ. ಮೂಗಿನ ಕೆಳಗೆ ಮಹಡಿ ಏಳುವಾಗ ಸುಮ್ಮನಿದ್ದ ಸರ್ಕಾರವೇ ಆಮೇಲೆ ಅದಕ್ಕೆ ದರಪಟ್ಟಿ ಬರೆಯಿತು. ತಪ್ಪು ಮಾಡಿದವನಿಗೆ ದಂಡದ ಲೆಕ್ಕವಿತ್ತು, ಸುಮ್ಮನಿದ್ದವನಿಗೆ ಬಡ್ತಿ ತಪ್ಪಲಿಲ್ಲ.

ನೀವು ಬಿಟ್ಟ ಸೆಟ್‌ಬ್ಯಾಕಿಗೆ ನನ್ನ ನಮಸ್ಕಾರ. ಪಕ್ಕದವರು ಬಿಡದೆ ಕಟ್ಟುತ್ತಿದ್ದರೆ ಪತ್ರಿಕೆಗೆ ಬರೆಯುವ ಮೊದಲು ಪಾಯದ ಹಂತದಲ್ಲೇ ದೂರು ಕೊಡಿ. ಸ್ವೀಕೃತಿಯ ಮೇಲೆ ತಾರೀಖು ಸ್ಪಷ್ಟವಾಗಿ ಬಿದ್ದಿದೆಯೇ ನೋಡಿಕೊಳ್ಳಿ.